ಮೋಟ್ರು ಮನೆಯ ಸರ್ಟಿಫಿಕೇಟು

ಶಿವಮೊಗ್ಗದವರಿಗೆ ಸವಳಂಗ ಅಂದ್ರೆ ಒಂದು ರಸ್ತೆ. "ಸವಳಂಗ ರಸ್ತೇಲಿ ರೂಮ್ ಸಿಕ್ತು", "ಸವಳಂಗ ರಸ್ತೇಲಿ ಟ್ರಾಫಿಕ್ ಜಾಸ್ತಿಯಾಯ್ತು" ಅಂತಾರೆ. ಆ ರಸ್ತೆ ಹೋಗಿ ಮುಟ್ಟೋ ಒಂದು ಊರಿದೆ, ಅಲ್ಲೂ ಜನ ಇದಾರೆ ಅನ್ನೋದು ಯಾರಿಗೂ ಹೊಳೆಯಲ್ಲ. ನಾನು ಆ ಊರಿನವನು. ಶಿಕಾರಿಪುರದ ಬಸ್ ಹತ್ತಿದ್ರೆ ಮುಕ್ಕಾಲು ಗಂಟೆ ದಾರಿ. ನಮಗೆ ಸ್ವಲ್ಪ ಅಡಿಕೆ ತೋಟ ಇದೆ, ಪಕ್ಕದಲ್ಲಿ ಮೆಕ್ಕೆಜೋಳದ ಹೊಲ ಇದೆ, ಎರಡಕ್ಕೂ ಸೇರಿ ಒಂದು ಬೋರು.

ಹಳ್ಳಿಯಿಂದ ಬಂದೋರಿಗೆ ತ್ರೀಫೇಸ್ ಕರೆಂಟಿನ ಕತೆ ಹೇಳೋ ಅಗತ್ಯ ಇಲ್ಲ. ಬೆಂಗಳೂರಿನವರಿಗಾಗಿ ಹೇಳ್ತೀನಿ: ಮನೆ ಲೈಟ್ ಉರೀತಿದ್ರೂ ಪಂಪ್‌ಸೆಟ್ ಓಡಲ್ಲ. ಅದಕ್ಕೆ ತ್ರೀಫೇಸ್ ಬೇಕು, ತ್ರೀಫೇಸ್ ದಿನಕ್ಕೆ ಇಷ್ಟು ಗಂಟೆ ಅಂತ ಸರದಿ ಮೇಲೆ ಬರುತ್ತೆ, ಆ ಸರದಿ ಎಷ್ಟೋ ವಾರ ರಾತ್ರಿ ಬೀಳುತ್ತೆ. ಹಂಗಾಗಿ ಅಪ್ಪ ಬೇಸಿಗೆ ಪೂರ್ತಿ ಒಂದೂವರೆಗೋ ಎರಡಕ್ಕೋ ಎದ್ದು, ಟಾರ್ಚು, ಕೋಲು ಹಿಡ್ಕೊಂಡು ತೋಟಕ್ಕೆ ಹೋಗಿ ಸ್ಟಾರ್ಟರ್ ಒತ್ತಿ ಬರ್ತಿದ್ರು. ನಾನು ಚಿಕ್ಕವನಿದ್ದಾಗಿಂದ ಆ ಬಾಗಿಲ ಚಿಲಕದ ಸದ್ದು ಕೇಳಿ ಎಚ್ಚರಾಗಿದೀನಿ. ಅವರು ವಾಪಸ್ ಬಂದು ಚಿಲಕ ಹಾಕೋವರೆಗೂ ಅವ್ವ ಮಲಗ್ತಿರಲಿಲ್ಲ. ನಾವು ಮಲಗಿರೋ ಹಾಗೆ ನಟಿಸ್ತಿದ್ವಿ.

ಆಟೋ ಸ್ಟಾರ್ಟರ್ ಹಾಕಬಹುದಿತ್ತಲ್ಲ ಅಂತೀರಿ. ಹಾಕಿದ್ವಿ. ಕರೆಂಟ್ ಬಂದ ತಕ್ಷಣ ಬೇಕಿರಲಿ ಬೇಡದಿರಲಿ ಮೋಟ್ರು ಓಡುತ್ತೆ. ಒಂದು ಸಲ ಬೋರಲ್ಲಿ ನೀರಿಲ್ಲದೆ ಓಡಿ ಸುಟ್ಟು, ರಿವೈಂಡಿಂಗಿಗೆ ದುಡ್ಡು ಸುರಿದ ಮೇಲೆ ಅಪ್ಪ ಅದನ್ನ ಕಿತ್ತು ಹಾಕಿದ್ರು. ಸಿಮ್ ಹಾಕೋ ಮೊಬೈಲ್ ಸ್ಟಾರ್ಟರ್ ಅಂಗಡೀಲೇ ಸಿಗುತ್ತೆ, ಅದೂ ಗೊತ್ತು. ಆದ್ರೆ ನನಗೆ ಮಿನಿ ಪ್ರಾಜೆಕ್ಟ್ ಬೇಕಿತ್ತು.

ಸೀನಿಯರ್ ಒಬ್ಬರು ಬಿಟ್ಟು ಹೋಗಿದ್ದ ಹಳೇ ರಾಸ್‌ಬೆರಿ ಪೈ 3 ಇತ್ತು. ಅದಕ್ಕೆ ಒಂದು ರಿಲೇ, ಒಂದು ಸಣ್ಣ ಯುಪಿಎಸ್. ಇಂಟರ್ನೆಟ್ಟಿಗೆ ಅಪ್ಪನ ಹಳೇ ಫೋನನ್ನ ಹಾಟ್‌ಸ್ಪಾಟ್ ಮಾಡಿ ಮೋಟ್ರು ಮನೇಲೇ ಇಟ್ಟೆ. ನಡುವೆ ತಿಂಗಳ ಬಾಡಿಗೆಯ ಒಂದು ಸರ್ವರ್. ಅಪ್ಪ ಮಲಗಿದ್ದಲ್ಲೇ ಫೋನಿನಲ್ಲಿ "ಆನ್" ಒತ್ತಿದ್ರೆ ಸರ್ವರಿಗೆ ಹೋಗುತ್ತೆ. ಪೈ ಹತ್ತು ಸೆಕೆಂಡಿಗೊಮ್ಮೆ ಸರ್ವರನ್ನ ಕೇಳುತ್ತೆ, ಆದೇಶ ಬಂದಿದ್ರೆ ರಿಲೇ ಎಳೆಯುತ್ತೆ. ಇಷ್ಟೇ.

ಈ ಇಷ್ಟಕ್ಕೇ ನಾನು ಓಪನ್‌ಎಸ್‌ಎಸ್‌ಎಲ್ ಜೊತೆ ಒಂದೂವರೆ ತಿಂಗಳು ಗುದ್ದಾಡಿದ್ದು.

ಪೈನಲ್ಲಿದ್ದದ್ದು ರಾಸ್‌ಬಿಯನ್ ಜೆಸ್ಸಿ, 2015ರ ಕಾಲದ್ದು. ಅದರ ಓಪನ್‌ಎಸ್‌ಎಸ್‌ಎಲ್ 1.0.1. ನನ್ನ ಸರ್ವರಲ್ಲಿ ನಾನೇ ಜಂಬಕ್ಕೆ ಟಿಎಲ್‌ಎಸ್ 1.3 ಮಾತ್ರ ಸಾಕು ಅಂತ ಇಟ್ಟಿದ್ದೆ. 1.3 ಪ್ರಕಟವಾದದ್ದೇ 2018ರ ಆಗಸ್ಟಿನಲ್ಲಿ, ಓಪನ್‌ಎಸ್‌ಎಸ್‌ಎಲ್‌ಗೆ ಅದು ಬಂದದ್ದು 1.1.1ರಲ್ಲಿ. ಅಂದ್ರೆ ಮೊಮ್ಮಗನ ಭಾಷೆ ಅಜ್ಜನಿಗೆ ಬರಲ್ಲ. ಆಗ ಮಾಡಬೇಕಿದ್ದದ್ದು ಒಂದೇ: ಕಾರ್ಡ್ ಅಳಿಸಿ ಹೊಸ ಓಎಸ್ ಹಾಕೋದು. ನಾನು ಮಾಡಲಿಲ್ಲ, ಯಾಕಂದ್ರೆ ಸೀನಿಯರ್ ಬರೆದ ರಿಲೇ ಕೋಡ್ ಅದರ ಮೇಲೆ ಓಡ್ತಿತ್ತು, ಮುಟ್ಟಿದ್ರೆ ಎಲ್ಲಿ ನಿಲ್ಲುತ್ತೋ ಅನ್ನೋ ಭಯ. ಹಾಗಾಗಿ ಓಪನ್‌ಎಸ್‌ಎಸ್‌ಎಲ್ 3 ಸೋರ್ಸ್ ಇಳಿಸಿ ಕಂಪೈಲ್ ಮಾಡೋಕೆ ಕೂತೆ. ಕಾನ್ಫಿಗ್, ಮೇಕ್. ಪೈ ಬಿಸಿಯಾಯ್ತು. ಹಾಸ್ಟೆಲಲ್ಲಿ ಊಟ ಮಾಡಿ, ಮೊಸರನ್ನಕ್ಕೆ ಎರಡನೇ ಸಲ ಕ್ಯೂ ನಿಂತು ಬಂದರೂ ಮುಗಿದಿರಲಿಲ್ಲ.

ಮುಗಿದ ಮೇಲೆ ಮೊದಲ ಏಟು: ಲಿಬ್‌ಎಸ್‌ಎಸ್‌ಎಲ್ ಡಾಟ್ ಎಸ್‌ಒ ಡಾಟ್ 3 ಸಿಗ್ತಿಲ್ಲ ಅಂತ. ಫೈಲು ಕಣ್ಣೆದುರಿಗೇ ಇದೆ, ಅದಕ್ಕೆ ಮಾತ್ರ ಕಾಣಲ್ಲ. ಇದು ಸಣ್ಣ ವಿಷಯ. ಹೊಸ ಲೈಬ್ರರಿ ಹಾಕಿದ ಮೇಲೆ ಎಲ್‌ಡಿಕಾನ್ಫಿಗ್ ಓಡಿಸಿ ಲೋಡರಿಗೆ ಹೇಳಬೇಕು, ಅಷ್ಟೇ. ಲ್ಯಾಬಿನ 64 ಬಿಟ್ ಮಷೀನಲ್ಲಿ ಮಾಡೋರು ಇನ್ನೊಂದು ಗಮನಿಸಿ: ಅಲ್ಲಿ ಲೈಬ್ರರಿ "ಲಿಬ್" ಒಳಗಲ್ಲ, "ಲಿಬ್64" ಒಳಗೆ ಹೋಗಿ ಕೂರುತ್ತೆ, ಆ ದಾರಿಯನ್ನ ಲೋಡರಿನ ಪಟ್ಟಿಗೆ ನೀವೇ ಸೇರಿಸಬೇಕಾಗಬಹುದು.

ನನಗೆ ಆಗ ಎಲ್‌ಡಿಕಾನ್ಫಿಗ್ ಗೊತ್ತಿರಲಿಲ್ಲ. ನಾನು ಮಾಡಿದ್ದು ಏನು ಗೊತ್ತಾ? ಸಿಸ್ಟಮ್ಮಿನ ಹಳೇ ಲೈಬ್ರರಿಯ ಲಿಂಕ್ ಕಿತ್ತು ಹೊಸದಕ್ಕೆ ತಿರುಗಿಸಿದೆ. ಹೆಸರು ಒಂದೇ ಥರ ಇದೆಯಲ್ಲ, ಆಗುತ್ತೆ ಅಂದ್ಕೊಂಡೆ. ಎಸ್‌ಎಸ್‌ಎಚ್ ಕೂಡ ಅದೇ ಲೈಬ್ರರಿ ಮೇಲೆ ನಿಂತಿದೆ ಅನ್ನೋದು ಲಾಗ್‌ಔಟ್ ಆದ ಮೇಲೆ ಗೊತ್ತಾಯ್ತು. ಹೊಸದಾಗಿ ಒಳಗೆ ಬಿಡಲೇ ಇಲ್ಲ. ಮನೆ ಒಳಗೆ ಬೀಗದಕೈ ಇಟ್ಟು ಬಾಗಿಲು ಎಳ್ಕೊಂಡ ಹಾಗೆ. ಎಸ್‌ಡಿ ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿ, ಹಳೇ ಲಿಂಕ್ ವಾಪಸ್ ಜೋಡಿಸೋವಷ್ಟರಲ್ಲಿ ಬೆಳಗಾಗಿತ್ತು. ಸಿಸ್ಟಮ್ಮಿನ ಲೈಬ್ರರಿಯನ್ನ ಮುಟ್ಟಬೇಡಿ. ನಿಮ್ಮದನ್ನ ಪಕ್ಕದಲ್ಲಿ ಇಟ್ಕೊಳ್ಳಿ, ಎರಡೂ ಬದುಕ್ತವೆ.

ಹೊಸ ಲೈಬ್ರರಿಗೆ ಜೋಡಿಸಿ ಹೊಸ ಪೈಥಾನ್ ಕೂಡ ಕಟ್ಟಿದೆ. ಓಡಿಸಿದೆ. ಟಿಎಲ್‌ಎಸ್ 1.3 ಕೈಕುಲುಕೋಕೆ ಶುರುವಾಯ್ತು, ನಿಂತಿತು. "ಸರ್ಟಿಫಿಕೇಟ್ ವೆರಿಫೈ ಫೇಲ್ಡ್: ಅನೇಬಲ್ ಟು ಗೆಟ್ ಲೋಕಲ್ ಇಷ್ಯೂಯರ್ ಸರ್ಟಿಫಿಕೇಟ್."

ಮಾರನೇ ವಾರ ರಿವ್ಯೂ. ರಾತ್ರಿ ಒಂದು ಗಂಟೆ. ಅಪ್ಪ ಎದ್ದು ಟಾರ್ಚು ಹುಡುಕ್ತಿರೋ ಹೊತ್ತು. ಹುಡುಕಿದ ಎಲ್ಲಾ ಕಡೆ ಒಂದೇ ಪರಿಹಾರ: ಎರಡು ಸಾಲು ಸೇರಿಸು. ಒಂದು, ಚೆಕ್ ಹೋಸ್ಟ್‌ನೇಮ್ ಫಾಲ್ಸ್. ಇನ್ನೊಂದು, ವೆರಿಫೈ ಮೋಡ್ ಸರ್ಟ್ ನನ್. ನಾನು ಎರಡನೇದನ್ನ ಮೊದಲು ಬರೆದಿದ್ದೆ. ಪೈಥಾನ್ ಒಪ್ಪಲಿಲ್ಲ, ಹೋಸ್ಟ್‌ನೇಮ್ ಪರೀಕ್ಷೆ ಚಾಲ್ತಿಯಲ್ಲಿರುವಾಗ ಇದನ್ನ ಆಫ್ ಮಾಡೋಕಾಗಲ್ಲ ಅಂತು. ಅಂದ್ರೆ ಭಾಷೆ ಕೂಡ ಒಮ್ಮೆ ಕೈ ಹಿಡಿದು ತಡೆದಿತ್ತು. ನಾನು ಸಾಲು ಮೇಲೆ ಕೆಳಗೆ ಮಾಡಿ ಎಂಟರ್ ಒತ್ತಿದೆ. ಓಡ್ತು.

ರಿವ್ಯೂ ಚೆನ್ನಾಗಾಯ್ತು. "ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್" ಅಂತ ಸ್ಲೈಡಿನಲ್ಲಿ ಬೀಗದ ಚಿತ್ರ ಹಾಕಿದ್ದೆ. ಶನಿವಾರ ಊರಿಗೆ ಹೋಗಿ ಮೋಟ್ರು ಮನೇಲಿ ಗೋಡೆಗೆ ಡಬ್ಬಿ ಹೊಡೆದೆ. ಅಪ್ಪನಿಗೆ ಫೋನಿನಲ್ಲಿ ಬಟನ್ ತೋರಿಸಿದೆ. ಮೂರು ವಾರ ಅಪ್ಪ ರಾತ್ರಿ ಹೊರಗೆ ಹೋಗಲಿಲ್ಲ. ಅವ್ವ ಓಣಿಯಲ್ಲೆಲ್ಲಾ ಹೇಳಿದ್ಲು. ಪಕ್ಕದ ತೋಟದ ದೊಡ್ಡಪ್ಪ ಬಂದು "ನಮಗೂ ಒಂದು ಮಾಡಿಕೊಡಪ್ಪ" ಅಂದ್ರು.

ಹಬ್ಬಕ್ಕೆ ನನ್ನ ರೂಮ್‌ಮೇಟ್ ನಮ್ಮೂರಿಗೆ ಬಂದ. ಹಾವೇರಿ ಕಡೆಯವನು, ಸೆಕ್ಯುರಿಟಿ ಹುಚ್ಚು. ಮಧ್ಯಾಹ್ನ ಹೋಳಿಗೆ ಉಂಡು ತೋಟಕ್ಕೆ ಹೋದ್ವಿ. ಅವನು ನನ್ನ ಕೋಡ್ ತೆರೆದು ನೋಡ್ದ, ನಕ್ಕ, ಏನೂ ಹೇಳಲಿಲ್ಲ. ಮೋಟ್ರು ಮನೆಯ ಹಳೇ ಫೋನ್ ಆಫ್ ಮಾಡಿ ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡಿನ ಹಾಟ್‌ಸ್ಪಾಟ್ ಎಬ್ಬಿಸಿದ. ಪಾಸ್‌ವರ್ಡ್ ತಂಗಿ ಹೆಸರು, ಮುಂದೆ 123. ಪೈ ಹೋಗಿ ಅದಕ್ಕೆ ಸೇರ್ಕೊಂಡ್ತು. ನನ್ನ ಸರ್ವರಿನ ಹೆಸರು ಕೇಳಿದಾಗ ತನ್ನದೇ ವಿಳಾಸ ಕೊಟ್ಟ. ಎರಡು ನಿಮಿಷದಲ್ಲಿ ತಾನೇ ಸಹಿ ಹಾಕ್ಕೊಂಡ ಒಂದು ಸರ್ಟಿಫಿಕೇಟ್ ಮಾಡಿ ಮುಂದಿಟ್ಟ. ನನ್ನ ಪೈ ಅದನ್ನ ನೋಡಲೇ ಇಲ್ಲ. ನೋಡಬೇಡ ಅಂತ ನಾನೇ ಹೇಳಿದ್ದೆನಲ್ಲ. ಅದಕ್ಕಿಂತ ಕೆಟ್ಟದ್ದು, ನಾನು ಗುಟ್ಟು ಅಂದ್ಕೊಂಡಿದ್ದ ಟೋಕನ್ ಅವನ ಪರದೆ ಮೇಲೆ ಅಚ್ಚುಕಟ್ಟಾಗಿ ಬಂದು ಬಿತ್ತು. ಎನ್‌ಕ್ರಿಪ್ಟ್ ಆಗೇ ಬಂದಿತ್ತು, ಅವನಿಗೇ ಎನ್‌ಕ್ರಿಪ್ಟ್ ಆಗಿ.

"ನೋಡ್ಲೇ" ಅಂದು ಒಂದು ಕೀ ಒತ್ತಿದ. ಡಬ್ಬಿ ಒಳಗೆ ರಿಲೇ ಟಕ್ ಅಂತು.

ತ್ರೀಫೇಸ್ ಇರಲಿಲ್ಲ, ಮೋಟ್ರು ಓಡಲಿಲ್ಲ. ಆದ್ರೆ ಅಪ್ಪ ಅಲ್ಲೇ ಇದ್ರು. ಸ್ಟಾರ್ಟರ್ ಡಬ್ಬಿ ತೆಗೆದು ಇರುವೆ ಗೂಡು ಕೆರೆದು ಆಗಷ್ಟೇ ಮುಚ್ಚಳ ಹಾಕ್ತಿದ್ರು. ತಿರುಗಿ ನೋಡಿದ್ರು.

"ಯಾರ್ ಒತ್ತಿದ್ದು?"

ನನ್ನ ಫೋನ್ ಜೇಬಲ್ಲಿತ್ತು. ಅವರ ಫೋನ್ ಮನೇಲಿತ್ತು. ರೂಮ್‌ಮೇಟ್ ನಗು ನಿಲ್ಲಿಸಿ, "ನಾನ್ರೀ ಕಾಕಾ, ಸುಮ್ನ ತೋರ್ಸಾಕ" ಅಂದ.

ಅಪ್ಪ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದ್ರು: "ಹಂಗಾರೆ ನಾನು ಕೈ ಹಾಕಿದಾಗ ಬೇರೆ ಯಾರಾದ್ರೂ ಒತ್ತಬಹುದಾ?" ನಾನು ಹೂಂ ಅಂದೆ. ಅವರು ರಿಲೇಯಿಂದ ಸ್ಟಾರ್ಟರಿಗೆ ಹೋಗೋ ವೈರ್ ಕಿತ್ತು, ಸುತ್ತಿ, ಮೊಳೆಗೆ ನೇತು ಹಾಕಿದ್ರು. ಆವತ್ತು ರಾತ್ರಿ ಒಂದೂವರೆಗೆ ಮತ್ತೆ ಚಿಲಕ ಸದ್ದಾಯ್ತು. ನಾನೂ ರೂಮ್‌ಮೇಟೂ ಇಬ್ಬರೂ ಎಚ್ಚರಿದ್ವಿ, ಇಬ್ಬರೂ ಮಲಗಿರೋ ಹಾಗೆ ಇದ್ವಿ.

ನನ್ನ ಹಾಗೆ ಮಾಡಿದವರು ನಾನೊಬ್ಬನೇ ಅಲ್ಲ ಅನ್ನೋದು ಆಮೇಲೆ ಓದಿ ತಿಳೀತು, ಆದ್ರೆ ಸಮಾಧಾನ ಏನೂ ಆಗಲಿಲ್ಲ. ಟೆಕ್ಸಾಸ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು 2012ರಲ್ಲಿ "ಜಗತ್ತಿನ ಅತ್ಯಂತ ಅಪಾಯಕಾರಿ ಕೋಡ್" ಅನ್ನೋ ಅರ್ಥದ ತಲೆಬರಹ ಕೊಟ್ಟು ಒಂದು ಪೇಪರ್ ಬರೆದಿದಾರೆ. ಬ್ರೌಸರ್ ಅಲ್ಲದ ಸಾಫ್ಟ್‌ವೇರುಗಳು, ಅದರಲ್ಲಿ ದುಡ್ಡು ಪಾವತಿ ಮಾಡೋವೂ ಸೇರಿ, ಸರ್ಟಿಫಿಕೇಟ್ ಪರೀಕ್ಷೆಯನ್ನ ಹೇಗೆ ತಪ್ಪು ಮಾಡ್ತವೆ ಅಂತ. ಓಪನ್‌ಎಸ್‌ಎಸ್‌ಎಲ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು 2014ರ ಹಾರ್ಟ್‌ಬ್ಲೀಡ್, ಲೈಬ್ರರಿ ಒಳಗಿನ ತಪ್ಪು. ನನ್ನದು ಲೈಬ್ರರಿ ತಪ್ಪಲ್ಲ. ಅದು ಸರಿಯಾಗೇ ಬೇಡ ಅಂದಿತ್ತು.

ಹಾಸ್ಟೆಲಿಗೆ ಬಂದು ಆ ಎರಡು ಸಾಲು ಅಳಿಸಿ, ಮತ್ತೆ ಅದೇ ಎರರ್ ಮುಂದೆ ಕೂತೆ. ಈ ಸಲ ಅದನ್ನ ಓದಿದೆ. "ಲೋಕಲ್ ಇಷ್ಯೂಯರ್" ಅಂದ್ರೆ ಏನು?

ನಮ್ಮ ಆದಾಯ ಪ್ರಮಾಣಪತ್ರ ನೆನೆಸಿಕೊಳ್ಳಿ. ಅದರಲ್ಲಿ ತಹಶೀಲ್ದಾರರ ಸಹಿ ಇರುತ್ತೆ. ಕಾಲೇಜ್ ಆಫೀಸಿನವರಿಗೆ ನಮ್ಮ ತಹಶೀಲ್ದಾರರ ಮುಖ ಪರಿಚಯ ಇಲ್ಲ. ಆದ್ರೆ ಸರ್ಕಾರವನ್ನ ಅವರು ನಂಬ್ತಾರೆ, ಆ ಕುರ್ಚಿಯಲ್ಲಿ ಕೂರಿಸಿದ್ದು ಸರ್ಕಾರ, ಹಾಗಾಗಿ ಆ ಸಹಿ ನಂಬ್ತಾರೆ, ಹಾಗಾಗಿ ನನ್ನ ಕಾಗದ ನಂಬ್ತಾರೆ. ಸರ್ಕಾರ ರೂಟ್, ತಹಶೀಲ್ದಾರರು ಇಂಟರ್‌ಮೀಡಿಯೆಟ್, ನಾನು ಕೊನೇ ಎಲೆ. ಅವಧಿ ಕೂಡ ಇದೆ, ಆದಾಯದ್ದಕ್ಕೆ ಐದು ವರ್ಷ. ಈಗ ಇವತ್ತು ಬೆಳಿಗ್ಗೆ ಕೆಲಸಕ್ಕೆ ಸೇರಿದ ಒಬ್ಬ ಗುಮಾಸ್ತ ಇದಾನೆ, ಅವನಿಗೆ ಸರ್ಕಾರ ಅಂತೊಂದಿದೆ ಅನ್ನೋದೂ ಯಾರೂ ಹೇಳಿಲ್ಲ ಅಂದ್ಕೊಳ್ಳಿ. ಎಂಥ ಸಹಿ ತಂದ್ರೂ ಅವನು "ಇವರು ಯಾರು?" ಅಂತಾನೆ. ಸೋರ್ಸಿನಿಂದ ಕಟ್ಟಿದ ಓಪನ್‌ಎಸ್‌ಎಸ್‌ಎಲ್ ಆ ಗುಮಾಸ್ತ. ಅದರ ಜೊತೆ ಒಂದೇ ಒಂದು ರೂಟ್ ಸರ್ಟಿಫಿಕೇಟೂ ಬರಲ್ಲ. ಯಾರನ್ನ ನಂಬಬೇಕು ಅಂತ ನೀವೇ ಹೇಳಬೇಕು.

ಓಪನ್‌ಎಸ್‌ಎಸ್‌ಎಲ್ ವರ್ಷನ್ ಅಂತ ಬರೆದು ಮುಂದೆ ಮೈನಸ್ ಡಿ ಕೊಟ್ರೆ ಅದು ಎಲ್ಲಿ ಹುಡುಕುತ್ತೆ ಅಂತ ಹೇಳುತ್ತೆ. ನನ್ನದು ಯುಎಸ್‌ಆರ್, ಲೋಕಲ್, ಎಸ್‌ಎಸ್‌ಎಲ್ ಅಂತು. ಅದರೊಳಗೆ ಸರ್ಟ್ಸ್ ಫೋಲ್ಡರ್ ತೆಗೆದ್ರೆ ಖಾಲಿ. ಸಿಸ್ಟಮ್ಮಿನ ರೂಟ್‌ಗಳೆಲ್ಲ ಇದ್ದದ್ದು ಇಟಿಸಿ ಒಳಗಿನ ಎಸ್‌ಎಸ್‌ಎಲ್ ಫೋಲ್ಡರಿನಲ್ಲಿ. ಇದು ಗೊತ್ತಾಗೋಕೆ ನನಗೆ ಹತ್ತು ಸೆಕೆಂಡ್ ಹಿಡೀತು, ಎರಡು ತಿಂಗಳ ಹಿಂದೆಯೂ ಹತ್ತೇ ಸೆಕೆಂಡ್ ಹಿಡೀತಿತ್ತು. ಎಸ್‌ಎಸ್‌ಎಲ್ ಸರ್ಟ್ ಡಿರ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್ ಅಲ್ಲಿಗೆ ತಿರುಗಿಸಿದೆ. ಕಂಪೈಲ್ ಮಾಡುವಾಗಲೇ ಓಪನ್‌ಎಸ್‌ಎಸ್‌ಎಲ್‌ಡಿರ್ ಕೊಟ್ಟಿದ್ರೂ ಆಗ್ತಿತ್ತು.

ಮತ್ತೆ ಅದೇ ಎರರ್.

ಈ ಸಲ ಕಾರಣ ಬೇರೆ. ಸರ್ವರಿನ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್‌ನದ್ದು, ಅದರ ರೂಟ್ ಐಎಸ್‌ಆರ್‌ಜಿ ರೂಟ್ ಎಕ್ಸ್1. ಆ ರೂಟ್ ಹುಟ್ಟಿದ್ದು 2015ರ ಜೂನಿನಲ್ಲಿ. ನನ್ನ ಹಳೇ ಕಾರ್ಡಿನ ನಂಬಿಕೆಯ ಪಟ್ಟಿ ಅದಕ್ಕಿಂತ ಹಳೇದು. ಅಪ್‌ಡೇಟ್ ಮಾಡೋಣ ಅಂದ್ರೆ ಆ ಆವೃತ್ತಿಗೆ ಅಪ್‌ಡೇಟ್ ನಿಂತು ವರ್ಷಗಳಾಗಿವೆ. ಸರಿ, ರೂಟ್ ಫೈಲ್ ಇಳಿಸಿಕೊಳ್ಳೋಣ. ಎಲ್ಲಿಂದ? ನೆಟ್ಟಿನಿಂದ. ಹೇಗೆ ನಂಬೋದು? ಸರ್ಟಿಫಿಕೇಟ್ ನೋಡಿ. ಸರ್ಟಿಫಿಕೇಟ್ ನೋಡೋಕೆ ರೂಟ್ ಬೇಕು! ಈ ಸುಳಿಯಿಂದ ಹೊರಗೆ ಬರೋಕೆ ದಾರಿ ಮಷೀನಿನ ಒಳಗಿಲ್ಲ, ಹೊರಗೇ ಇರೋದು. ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಆ ರೂಟಿನ ಶಾ256 ಫಿಂಗರ್‌ಪ್ರಿಂಟ್ ತೆಗೆದು, ಪೈನಲ್ಲಿ ಇಳಿಸಿದ ಫೈಲಿನದ್ದರ ಪಕ್ಕ ಇಟ್ಟು, ರೂಮ್‌ಮೇಟ್ ಓದಿದ, ನಾನು ಟಿಕ್ ಹಾಕಿದೆ. 96, ಬಿಸಿ, ಇಸಿ, 06... ತಾತ ಪಹಣಿ ಸರ್ವೆ ನಂಬರ್ ಓದಿಸ್ತಿದ್ದ ಹಾಗೆ. ಕೊನೇ ಅಂಕಿವರೆಗೂ ಸರಿಹೋಯ್ತು.

ಹಾಕಿದ್ರೂ ಕಾಣಲಿಲ್ಲ! ಡೆಬಿಯನ್ ಜಾತಿಯ ಸಿಸ್ಟಮ್ಮುಗಳಲ್ಲಿ ಅಪ್‌ಡೇಟ್ ಸಿಎ ಸರ್ಟಿಫಿಕೇಟ್ಸ್ ಅನ್ನೋ ಕಮ್ಯಾಂಡಿಗೆ ಫೈಲಿನ ಬಾಲ ಸಿಆರ್‌ಟಿ ಅಂತಲೇ ಇರಬೇಕು. ನನ್ನದು ಪಿಇಎಂ ಅಂತಿತ್ತು. ಒಳಗಿರೋದು ಅದೇ ಪಿಇಎಂ ಬರಹ, ಬಾಲ ಮಾತ್ರ ಬೇರೆ, ಅದು ಮಾತಾಡದೆ ಬಿಟ್ಟು ಮುಂದೆ ಹೋಗುತ್ತೆ. ಹೆಸರು ಬದಲಾಯಿಸಿದ ಮೇಲೆ ಎಂಟು ಅಕ್ಷರದ ಹ್ಯಾಶ್ ಹೆಸರಲ್ಲಿ ಲಿಂಕ್ ಬಂತು. ಓಪನ್‌ಎಸ್‌ಎಸ್‌ಎಲ್ ಹುಡುಕೋದು ಆ ಹೆಸರಿನಿಂದಲೇ. ಫೋಲ್ಡರಿಗೆ ಸುಮ್ಮನೆ ಫೈಲ್ ಹಾಕಿದ್ರೆ ಅದಕ್ಕೆ ಕಣ್ಣಿಲ್ಲ.

ಆಮೇಲೂ ಬರಲಿಲ್ಲ ಅಂದ್ರೆ ನಗ್ತೀರಿ. ಈ ಸಲ ಎರರ್ 21: ಮೊದಲ ಸರ್ಟಿಫಿಕೇಟನ್ನೇ ಪರೀಕ್ಷೆ ಮಾಡೋಕಾಗ್ತಿಲ್ಲ. ಫೋನಿನಲ್ಲಿ ಅದೇ ಸರ್ವರ್ ಸಲೀಸಾಗಿ ತೆರೀತಿತ್ತು. ಎಸ್‌ಕ್ಲೈಂಟ್ ಕಮ್ಯಾಂಡಿನಲ್ಲಿ ಶೋಸರ್ಟ್ಸ್ ಕೊಟ್ಟು ನೋಡಿದಾಗ ಗೊತ್ತಾಯ್ತು, ಸರ್ವರ್ ಒಂದೇ ಸರ್ಟಿಫಿಕೇಟ್ ಕಳಿಸ್ತಿದೆ, ನಡುವಿನದ್ದು ಕಳಿಸ್ತಿಲ್ಲ. ಸೆಟ್ಟಿಂಗಿನಲ್ಲಿ ಫುಲ್‌ಚೈನ್ ಫೈಲ್ ಕೊಡೋ ಕಡೆ ನಾನು ಬರೀ ಸರ್ಟ್ ಫೈಲ್ ಕೊಟ್ಟಿದ್ದೆ. ನನ್ನ ಕಾಗದದ ಮೇಲೆ ಸಹಿ ಇದೆ, ಆದ್ರೆ ಸಹಿ ಹಾಕಿದ ತಹಶೀಲ್ದಾರರ ನೇಮಕಾತಿ ಪತ್ರ ಇಲ್ಲ. ಕೆಲವು ಬ್ರೌಸರುಗಳು ಪಾಪ ತಾವೇ ಹೋಗಿ ಅದನ್ನ ಹುಡುಕಿ ತರ್ತವೆ. ಓಪನ್‌ಎಸ್‌ಎಸ್‌ಎಲ್ ತರಲ್ಲ. "ಫೋನಲ್ಲಿ ಬರುತ್ತೆ, ಪ್ರೋಗ್ರಾಮಲ್ಲಿ ಬರಲ್ಲ" ಅಂತ ಯಾರಾದ್ರೂ ಅಂದ್ರೆ ನಾನೀಗ ಮೊದಲು ಕೇಳೋದು ಇದನ್ನೇ.

ಇದೇ ಎಸ್‌ಕ್ಲೈಂಟ್ ಬಗ್ಗೆ ಒಂದು ಮಾತು. ಮೇಲ್ಗಡೆ "ಕನೆಕ್ಟೆಡ್" ಅಂತ ದೊಡ್ಡದಾಗಿ ಬರುತ್ತೆ, ಪರೀಕ್ಷೆ ಫೇಲಾಗಿದ್ರೂ ಅದು ಕನೆಕ್ಷನ್ ಬಿಡಲ್ಲ. ಕೆಳಗೆ ಎಲ್ಲೋ ವೆರಿಫೈ ರಿಟರ್ನ್ ಕೋಡ್ ಅಂತ ಇರುತ್ತೆ, ಅದು ಸೊನ್ನೆ ಇದ್ರೆ ಮಾತ್ರ ಪಾಸು. ಹೋಸ್ಟ್‌ನೇಮ್ ಕೂಡ ನೀವಾಗಿ ಹೇಳದಿದ್ರೆ ನೋಡಲ್ಲ. ಮೊದಲ ತಿಂಗಳು ನಾನು ಮೇಲಿನ ಸಾಲು ಮಾತ್ರ ಓದ್ತಿದ್ದೆ.

ಕೊನೆಗೂ ಸೊನ್ನೆ ಬಂತು. ಗೈಡ್ ಹತ್ರ ಹೋಗಿ ನಡೆದದ್ದೆಲ್ಲ ಹೇಳಿದೆ, ಹಬ್ಬದ ದಿನದ್ದೂ ಸೇರಿಸಿ. ಮಾರ್ಕ್ಸ್ ಕಿತ್ತುಕೊಳ್ತಾರೆ ಅಂದ್ಕೊಂಡಿದ್ದೆ. ಅವರು ಪೂರ್ತಿ ಕೇಳಿ, "ಈಗ ನಿಮ್ಮ ಪೈ ಎಷ್ಟು ಜನರನ್ನ ನಂಬುತ್ತೆ?" ಅಂದ್ರು. ಎಣಿಸಿದೆ, ನೂರಕ್ಕೂ ಹೆಚ್ಚು ರೂಟ್‌ಗಳು. "ಅವರಲ್ಲಿ ಯಾರು ನಿಮ್ಮ ಸರ್ವರಿನ ಹೆಸರಲ್ಲಿ ಸರ್ಟಿಫಿಕೇಟ್ ಕೊಟ್ರೂ ನಿಮ್ಮ ಮೋಟ್ರು ಒಪ್ಪುತ್ತೆ. ಅಷ್ಟು ಜನ ಬೇಕಾ?"

ಹಾಗೆ ಆಗುತ್ತಾ ಅಂತ ಅನುಮಾನ ಇದ್ರೆ 2014ರ ಜುಲೈ ನೋಡಿ. ಜುಲೈ 2ರಂದು ಗೂಗಲ್‌ಗೆ ತಾನು ಕೇಳದೇ ಇದ್ದ, ತನ್ನ ಡೊಮೇನುಗಳ ಹೆಸರಿನ ಸರ್ಟಿಫಿಕೇಟುಗಳು ಕಂಡವು. ಅವು ಹೊರಟಿದ್ದು ನಮ್ಮ ದೇಶದ ಎನ್‌ಐಸಿಯ ಇಂಟರ್‌ಮೀಡಿಯೆಟ್‌ನಿಂದ. ಅದರ ಮೇಲಿದ್ದ ರೂಟ್ ಐಟಿ ಕಾಯ್ದೆಯಡಿ ಬರೋ ಕಂಟ್ರೋಲರ್ ಆಫ್ ಸರ್ಟಿಫೈಯಿಂಗ್ ಅಥಾರಿಟೀಸ್‌ದು. ಆ ರೂಟ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿದ್ದದ್ದರಿಂದ ವಿಂಡೋಸಿನ ಬಹುಪಾಲು ಪ್ರೋಗ್ರಾಮುಗಳು ಅವನ್ನ ಅಸಲಿ ಅಂತಲೇ ನಂಬ್ತಿದ್ವು. ಫೈರ್‌ಫಾಕ್ಸ್‌ಗೆ ತನ್ನದೇ ಪಟ್ಟಿ, ಅದರಲ್ಲಿ ಇರಲಿಲ್ಲ, ಬಚಾವಾಯ್ತು. ಮಾರನೇ ದಿನವೇ ಆ ಇಂಟರ್‌ಮೀಡಿಯೆಟ್‌ಗಳನ್ನ ರದ್ದು ಮಾಡಿದ್ರು. ಗೂಗಲ್ ಗಾತ್ರದವರಾಗಿದ್ದಕ್ಕೆ ಗೊತ್ತಾಯ್ತು. ನಮ್ಮ ತೋಟದ ಹೆಸರಲ್ಲಿ ಬಂದಿದ್ರೆ ಯಾರು ನೋಡ್ತಿದ್ರು?

ಸರಿ, ಒಂದು ಸರ್ವರ್, ಒಂದು ಪೈ. ನಡುವೆ ಲೋಕವನ್ನೆಲ್ಲ ಯಾಕೆ ಕರೀಬೇಕು ಅಂತ ನನ್ನದೇ ರೂಟ್ ಮಾಡೋಕೆ ಹೊರಟೆ. ಅಪ್ಪನ ಫೋನಿಗೆ ಸಾರ್ವಜನಿಕ ಸರ್ಟಿಫಿಕೇಟೇ ಇರಲಿ, ಪೈ ಜೊತೆ ಮಾತಾಡೋ ಬಾಗಿಲಿಗೆ ಮಾತ್ರ ನಮ್ಮ ಮನೆಯದ್ದು. ಪೈಥಾನಿನಲ್ಲಿ ಸಿಎಫೈಲ್ ಅಂತ ಒಂದೇ ಫೈಲ್ ಕೊಟ್ರೆ ಉಳಿದ ಪಟ್ಟಿ ಲೋಡ್ ಆಗೋದೇ ಇಲ್ಲ.

ಓಪನ್‌ಎಸ್‌ಎಸ್‌ಎಲ್ ಒಂದೊಂದೇ ವಿವರ ಕೇಳುತ್ತೆ. ದೇಶ, ರಾಜ್ಯ, ಊರು. ಸವಳಂಗ ಅಂತ ಟೈಪ್ ಮಾಡುವಾಗ ಒಂಥರಾ ಖುಷಿ ಆಯ್ತು, ಸುಳ್ಳಲ್ಲ. ಜಿಲ್ಲೆ ಕೇಳಲಿಲ್ಲ, ಬದುಕಿಕೊಂಡೆ. ತಾತನ ಕಾಗದಗಳಲ್ಲಿ ನಮ್ಮೂರು ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು. 1997ರಲ್ಲಿ ದಾವಣಗೆರೆ ಜಿಲ್ಲೆ ಆದ ಮೇಲೆ ಅಪ್ಪನವುಗಳಲ್ಲಿ ದಾವಣಗೆರೆ, ಹೊನ್ನಾಳಿ. ನನ್ನವುಗಳಲ್ಲಿ ದಾವಣಗೆರೆ, ನ್ಯಾಮತಿ. ಮನೆ ಮಾತ್ರ ಅಲ್ಲೇ ಇದೆ. ಮೂರೂ ಕಾಗದ ಒಂದೇ ಜಮೀನಿನದ್ದು ಅಂತ ಸಾಬೀತು ಮಾಡೋಕೆ ಅಪ್ಪ ಎಷ್ಟು ಸಲ ಓಡಾಡಿದಾರೋ. ಆ ಅನುಭವ ಇದ್ದದ್ದಕ್ಕೆ "ಹೋಸ್ಟ್‌ನೇಮ್ ಮಿಸ್‌ಮ್ಯಾಚ್" ಅಂತ ಬಂದಾಗ ನನಗೆ ಆಶ್ಚರ್ಯ ಆಗಲಿಲ್ಲ. ಕಾಮನ್ ನೇಮ್ ಜಾಗದಲ್ಲಿ ಪ್ರೀತಿಗೆ "ಸವಳಂಗ ಮೋಟ್ರು" ಅಂತ ಬರೆದಿದ್ದೆ. ಸರ್ವರಿನ ಅಸಲಿ ಹೆಸರು ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್‌ನಲ್ಲಿ ಇಟ್ಟಿದ್ದೆ, ಈಗಿನ ಬ್ರೌಸರುಗಳೂ ನೋಡೋದು ಅದನ್ನೇ. ಆದ್ರೆ ಅರ್ಜಿಯಲ್ಲಿ ಬರೆದದ್ದು ಸಹಿ ಹಾಕುವಾಗ ತಾನಾಗೇ ಸರ್ಟಿಫಿಕೇಟಿಗೆ ಬರಲ್ಲ. ಎಕ್ಸ್509 ಕಮ್ಯಾಂಡಿಗೆ ಕಾಪಿ ಎಕ್ಸ್‌ಟೆನ್ಶನ್ಸ್ ಅಂತ ಬೇರೆ ಹೇಳಬೇಕು, ಅದೂ ಆವೃತ್ತಿ 3ರಿಂದ ಇರೋದು. ಅರ್ಜಿಯಲ್ಲಿ ಸರಿಯಾಗೇ ಬರೆದು ಕೊಟ್ಟು, ಬಂದ ಕಾಗದದಲ್ಲಿ ಹೆಸರು ಬಿಟ್ಟುಹೋಗಿರೋದು ನಮ್ಮೂರಲ್ಲಿ ಯಾರಿಗೂ ಹೊಸದಲ್ಲ.

ಇಷ್ಟು ಹೊತ್ತಿಗೆ ಊರಲ್ಲಿ ಟಿಸಿ ಸುಟ್ಟು ಹೋಗಿತ್ತು. ನಮ್ಮಲ್ಲಿ ಟಿಸಿ ಅಂದ್ರೆ ಟ್ರಾನ್ಸ್‌ಫರ್ ಸರ್ಟಿಫಿಕೇಟ್ ಅಲ್ಲ, ಟ್ರಾನ್ಸ್‌ಫಾರ್ಮರ್. ಮೂರು ವಾರ ಮೋಟ್ರು ಮನೆಯಲ್ಲಿ ಜೀವ ಇರಲಿಲ್ಲ. ಹೊಸ ಟಿಸಿ ಕೂತ ಮೇಲೆ ಹೊಸ ಸರ್ಟಿಫಿಕೇಟ್ ತಗೊಂಡು ಹೋದೆ. ಪೈ ಎದ್ದಿತು, ಪ್ರೋಗ್ರಾಂ ಸತ್ತಿತು. ಕೈಯಾರೆ ಓಡಿಸಿದ್ರೆ ಚೆನ್ನಾಗಿ ಓಡುತ್ತೆ. ಖುಷಿಯಾಗಿ ರೀಬೂಟ್ ಮಾಡಿದೆ, ಆಗಲೂ ಓಡಿತು. ಅನುಮಾನಕ್ಕೆ ಇಟ್ಟು ಲಾಗ್ ತೆಗೆದು ನೋಡಿದೆ: "ಸರ್ಟಿಫಿಕೇಟ್ ಈಸ್ ನಾಟ್ ಯೆಟ್ ವ್ಯಾಲಿಡ್." ಇನ್ನೂ ಹುಟ್ಟೇ ಇಲ್ಲದ ಸರ್ಟಿಫಿಕೇಟ್!

ಪೈ 3ಕ್ಕೆ ಬ್ಯಾಟರಿ ಇರೋ ಗಡಿಯಾರ ಇಲ್ಲ. ಕೊನೇ ಸಲ ಬರೆದಿಟ್ಟ ಸಮಯದಿಂದಲೇ ಮತ್ತೆ ಏಳುತ್ತೆ, ನೆಟ್ ಸಿಕ್ಕ ಮೇಲೆ ನಿಧಾನವಾಗಿ ಸರಿಮಾಡ್ಕೊಳ್ಳುತ್ತೆ. ಅದು ಮೂರು ವಾರ ಹಿಂದಿನ ದಿನದಲ್ಲಿ ಎದ್ದಿತ್ತು, ಸರ್ಟಿಫಿಕೇಟ್ ಹುಟ್ಟಿದ್ದು ಮೊನ್ನೆ. ನನ್ನ ಪ್ರೋಗ್ರಾಂ ಗಡಿಯಾರ ಸರಿಯಾಗೋವರೆಗೂ ಕಾಯದೆ ಒಂದೇ ಎರರಿಗೆ ಪ್ರಾಣ ಬಿಡ್ತಿತ್ತು. ಇಲ್ಲಿ ಮತ್ತೆ ಆ ಎರಡು ಸಾಲು ನೆನಪಾಯ್ತು, ನಾಚಿಕೆ ಬಿಟ್ಟು ಹೇಳ್ತೀನಿ. ಬೂಟ್ ಆದ ಮೊದಲ ಐದು ನಿಮಿಷ ಮಾತ್ರ ಪರೀಕ್ಷೆ ಬೇಡ ಅಂತ ಬರೆದ್ರೆ? ಬರೀಲಿಲ್ಲ. ಸೋಮವಾರ ಶಿವಮೊಗ್ಗದ ಅಂಗಡೀಲಿ ಡಿಎಸ್3231 ಮಾಡ್ಯೂಲ್ ತಂದೆ.

"ಏನದು?" ಅಂದ್ರು ಅಪ್ಪ.

"ಆರ್‌ಟಿಸಿ ಅಪ್ಪ."

"ಪಹಣಿನಾ?"

ನಮ್ಮ ಕಡೆ ಆರ್‌ಟಿಸಿ ಅಂದ್ರೆ ಪಹಣಿ, ಇನ್ನೇನೂ ಅಲ್ಲ. ರಿಯಲ್ ಟೈಮ್ ಕ್ಲಾಕ್ ಅಂತ ವಿವರಿಸಿದೆ. ಕರೆಂಟ್ ಹೋದ್ರೂ ಒಳಗಿನ ಶೆಲ್ಲಿನಿಂದ ತಾರೀಖು ನೆನಪಿಟ್ಟಿರುತ್ತೆ ಅಂದೆ. "ಅದೂ ಬೇಕೇ ಬೇಕು ಬಿಡು" ಅಂದ್ರು.

ಎಲ್ಲ ಆದ ಮೇಲೂ ಮೊಳೆಯಲ್ಲಿದ್ದ ವೈರನ್ನ ಅಪ್ಪ ಮುಟ್ಟಲಿಲ್ಲ. "ನಿನ್ನ ಸ್ನೇಹಿತನ್ನ ಕರ್ಕೊಂಡ್ ಬಾ" ಅಂದ್ರು. ಬಂದ. ಅಪ್ಪ ಸ್ಟೂಲ್ ಹಾಕ್ಕೊಂಡು ಡಬ್ಬಿ ಮುಂದೆ ಕೂತರು. "ಅವತ್ತು ಮಾಡಿದ್ಯಲ್ಲ, ಅದನ್ನೇ ಮಾಡಪ್ಪ." ಅವನು ಅದೇ ಹಾಟ್‌ಸ್ಪಾಟ್ ಎಬ್ಬಿಸಿದ. ಹೊಸ ಪಾಸ್‌ವರ್ಡನ್ನ ಅವನಿಗೆ ನಾನೇ ಕೊಟ್ಟೆ. ಅದೇ ಸುಳ್ಳು ವಿಳಾಸ, ಅದೇ ಸ್ವಂತ ಸಹಿಯ ಸರ್ಟಿಫಿಕೇಟ್. ಲ್ಯಾಪ್‌ಟಾಪಿನಲ್ಲಿ ನನ್ನ ಲಾಗ್ ಹತ್ತು ಸೆಕೆಂಡಿಗೊಂದು ಸಾಲು ಉದುರಿಸ್ತಿತ್ತು: ವೆರಿಫೈ ಫೇಲ್ಡ್, ವೆರಿಫೈ ಫೇಲ್ಡ್. ಟೋಕನ್ ಹೊರಗೆ ಬರಲೇ ಇಲ್ಲ. ಅಸಲಿ ಸಿಎ ಒಂದರಿಂದ ತಾನು ಪಡೆದಿದ್ದ ತನ್ನ ವೆಬ್‌ಸೈಟಿನ ಸರ್ಟಿಫಿಕೇಟೂ ಇಟ್ಟು ನೋಡ್ದ. ಅದೂ ಆಗಲಿಲ್ಲ. ಅಪ್ಪ ಲಾಗ್ ನೋಡ್ತಿರಲಿಲ್ಲ, ರಿಲೇಗೆ ಕಿವಿ ಕೊಟ್ಟು ಕೂತಿದ್ರು. ಕಾಲು ಗಂಟೆ ಆಯ್ತು. ಸೊಳ್ಳೆ ಕಚ್ಚೋಕೆ ಶುರುವಾಯ್ತು.

"ಆಗಂಗಿಲ್ಲರೀ ಕಾಕಾ" ಅಂದ ಇವನು.

ಅಪ್ಪ ಎದ್ದು ಮೇನ್ ಸ್ವಿಚ್ ಕೆಳಗೆ ಮಾಡಿ, ವೈರ್ ಬಿಚ್ಚಿ, ತಾವೇ ಸ್ಕ್ರೂ ತಿರುಗಿಸಿ ಹಾಕಿದ್ರು. ನನಗೆ ಮುಟ್ಟೋಕೆ ಬಿಡಲಿಲ್ಲ.

ರೂಟಿನ ಪ್ರೈವೇಟ್ ಕೀ ಸರ್ವರಲ್ಲೂ ಇಲ್ಲ, ಪೈನಲ್ಲೂ ಇಲ್ಲ, ನನ್ನ ಲ್ಯಾಪ್‌ಟಾಪಲ್ಲೂ ಇಲ್ಲ. ಒಂದು ಪೆನ್‌ಡ್ರೈವಿನಲ್ಲಿದೆ. ಅದು ಸಿಕ್ಕವರು ನಮ್ಮ ಮೋಟ್ರಿಗೆ ಯಜಮಾನರಾಗ್ತಾರೆ ಅಂತ ಹೇಳಿದೆ. ಅಪ್ಪ ಅದನ್ನ ಪ್ಲಾಸ್ಟಿಕ್ ಕವರಿಗೆ ಸುತ್ತಿ ಟ್ರಂಕಿನಲ್ಲಿ ಪಹಣಿ, ತಾತನ ಕ್ರಯಪತ್ರಗಳ ಜೊತೆ ಇಟ್ಟಿದಾರೆ. ಸರ್ವರಿನ ಸರ್ಟಿಫಿಕೇಟಿಗೆ ಒಂದು ವರ್ಷ ಅವಧಿ ಕೊಟ್ಟಿದೀನಿ. ಮೊದಲ ವಾರ ಅಪ್ಪ ಫೋನಲ್ಲಿ ಬಟನ್ ಒತ್ತಿಯೂ, ಓಡ್ತಿದೆಯೋ ಇಲ್ವೋ ನೋಡೋಕೆ ಎದ್ದು ಹೋಗ್ತಿದ್ರಂತೆ. ಈಗ ಹೋಗಲ್ಲ ಅಂತ ಅವ್ವ ಹೇಳಿದ್ಲು. ಹೋದ ಸಲ ಊರಿಗೆ ಹೋದಾಗ ನೋಡಿದೆ, ಅಡಿಗೆಮನೆ ಗೋಡೆಯ ಕ್ಯಾಲೆಂಡರಿನ ಕೊನೇ ಹಾಳೆಯ ಹಿಂದೆ, ಗ್ಯಾಸ್ ಬಂದ ತಾರೀಖಿನ ಕೆಳಗೆ, ಅವಳ ದುಂಡನೆ ಅಕ್ಷರದಲ್ಲಿ ಬರೆದಿತ್ತು: "ಮೋಟ್ರು ಸರ್ಟಿಫಿಕೇಟು ಏಪ್ರಿಲ್ 11ಕ್ಕೆ ಮುಗಿಯುತ್ತೆ. ಅವನಿಗೆ ಹದಿನೈದು ದಿನ ಮೊದಲು ಫೋನ್ ಮಾಡುವುದು."